ಹಿಂದಿನ ಬೆಂಚಿನಿಂದ ಇಬ್ಬರೂ ಹೊರಗೆ

ಬೈಲಹೊಂಗಲದಿಂದ ರಾಮದುರ್ಗದವರೆಗೆ ನೆರೆದಿರುವ ಸಮಸ್ತ ಗೆಳೆಯರೇ, ಕೇಳಿರಿ! ಇಂದು ನನ್ನದೇ ತರಗತಿಯಿಂದ ನನ್ನನ್ನು ಹೊರಗೆ ಹಾಕಲಾಯಿತು.

ಮುಂದೆ ಶಿಕ್ಷಕಿಯಾಗಬೇಕೆಂಬ ಆಸೆಯ ಹತ್ತನೇ ತರಗತಿಯ ರೇಣುಕಾಳನ್ನು ಎಂಟನೆಯವರಿಗೆ ಗಣಿತ ಕಲಿಸಲು ಬಿಟ್ಟಿದ್ದೆ. ಅವಳು ಶಿಕ್ಷಕಿಯಾಗುವುದಕ್ಕೆ ಒಪ್ಪದ ತಂದೆ ಬಸಪ್ಪ, ಪರೀಕ್ಷಿಸಲೆಂದೇ ಬಂದು ನನ್ನ ಪಕ್ಕ ಹಿಂದಿನ ಬೆಂಚಿನಲ್ಲಿ ಕುಳಿತರು.

“ಮನ್ಯಾಗ ಬಾಯಿನ ಬಿಡೂದಿಲ್ರಿ ಸರ. ಸಾಲಿ ಹೆಂಗ ಕಲಸ್ತಾಳ?”

“ನೋಡ್ರಿ ಸುಮ್ನ” ಎಂದು ಪಿಸುಗುಟ್ಟಿದೆ. ನನ್ನದು ನಾಟಕದಲ್ಲಿ ಪಳಗಿದ ಗಂಟಲು, ಪಿಸುಮಾತೂ ಜೋರು. ಇಡೀ ತರಗತಿ ನಮ್ಮತ್ತ ತಿರುಗಿತು.

ರೇಣುಕಾ ಸೀಮೆಸುಣ್ಣ ಕೆಳಗಿಟ್ಟಳು. “ಸರ, ಅಪ್ಪಾ, ಮಾತಾಡೂದಿದ್ರ ಇಬ್ರೂ ಹೊರಗ ಹೋಗ್ರಿ.”

ಹೋದೆವು. ವರಾಂಡದಲ್ಲಿ ಬಸಪ್ಪ ತಲೆಯ ಪಟಕಾ ಸರಿಮಾಡಿಕೊಂಡು, “ಆಕಿ ಟೀಚರ ಆಗ್ಲಿ ಬಿಡ್ರಿ. ಥೇಟ್ ನಮ್ಮವ್ವ ಗದರಿಸಿದಂಗಾತು” ಎಂದರು.

ನಾಳೆ ಬೆಳಿಗ್ಗೆಯೂ ಅವಳದೇ ಪಾಠ. ನಾನು ಬಾಗಿಲಲ್ಲೇ ನಿಂತು, “ಒಳಗ ಬರ್ಲೇನ್ರಿ ಟೀಚರ?” ಎಂದು ಕೇಳಿಯೇ ಕಾಲಿಡುತ್ತೇನೆ.