ಅಣ್ಣ ಓದಿಸಿದ ಪುರಾಣ

ಅದಿರು ತುಂಬಿದ ಲಾರಿಗಳು ಹೊಸಪೇಟೆಯ ರಸ್ತೆಯುದ್ದಕ್ಕೂ ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ. ಆಗಲೇ ಅವ್ವ ತೀರಿಕೊಂಡಳು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಎಡಗೈಯಲ್ಲಿ ಲಿಂಗವಿಟ್ಟು, ಕೂಡ್ರಿಸಿ, ವಿಭೂತಿ ಇಟ್ಟು ಮಣ್ಣು ಮಾಡಿದೆವು. ಶಿವನಲ್ಲಿ ಸೇರಿದವರಿಗೆ ಮುಂದೆ ದಾರಿಯೂ ಇಲ್ಲ, ನರಕವೂ ಇಲ್ಲ ಎಂದು ಕೇಳುತ್ತಲೇ ನಾವು ಬೆಳೆದದ್ದು.

ಪಕ್ಕದ ಮನೆಯ ಚಾಚಿ ಅವ್ವನಿಗೆ ಒಡಹುಟ್ಟಿದವಳ ಹಾಗಿದ್ದಳು. ಕಾಂಪೌಂಡ್ ಗೋಡೆಯ ಆಚೆ ಈಚೆ ನಿಂತು ಇಬ್ಬರೂ ಸಾವಿನ ಮಾತನ್ನೂ ನಗುತ್ತ ಆಡುತ್ತಿದ್ದರು.

"ನಮ್ಮಲ್ಲಿ ಮಣ್ಣು ಕೊಟ್ಟು ಬಂದ ಮ್ಯಾಲೆ ಇಬ್ಬರು ದೇವದೂತರು ಬಂದು ಸವಾಲು ಕೇಳ್ತಾರ," ಎನ್ನುತ್ತಿದ್ದಳು ಚಾಚಿ.

"ನನ್ನ ಕೇಳೋರು ಯಾರೂ ಇಲ್ಲ ಬಿಡು," ಎನ್ನುತ್ತಿದ್ದಳು ಅವ್ವ. "ಆದ್ರ ಇಬ್ರೂ ಮಣ್ಣಾಗ ಇರ್ತೀವಿ. ನೀ ಮಲಗಿರ್ತಿ, ನಾ ಕುಂತಿರ್ತೀನಿ, ಅಷ್ಟ."

ಹಾಗಾಗಿ ಅಣ್ಣ ಮನೆಯಲ್ಲಿ ಗರುಡ ಪುರಾಣ ಓದಿಸುತ್ತೇನೆಂದಾಗ ನೆಂಟರು ಮುಖ ಮುಖ ನೋಡಿಕೊಂಡರು. ಸಂಡೂರಿನಿಂದ ಅದಿರು ಸಾಗಿಸುವ ಲಾರಿಗಳಿಟ್ಟು ಅವನು ದೊಡ್ಡವನಾಗಿದ್ದ. ಇದೂ ಒಂದು ದೊಡ್ಡಸ್ತಿಕೆ ಎಂದುಕೊಂಡು ನಾನು ನಾಚಿದೆ.

ಪುರಾಣದವರು ರಾಗವಾಗಿ ಓದಿದರು. ಕಾದ ಮರಳಿನ ದಾರಿ, ಹಗ್ಗ ಹಾಕಿ ಎಳೆಯುವ ಯಮದೂತರು, ರಕ್ತ ಕೀವು ಹರಿಯುವ ವೈತರಣಿ. ಗೋದಾನ ಮಾಡಿದವನು ಮಾತ್ರ ಅದನ್ನು ದಾಟುತ್ತಾನೆ. ಬಾಗಿಲ ಬಳಿ ಕುಳಿತಿದ್ದ ಚಾಚಿ ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು.

"ಯಾಕ್ ಬೇಟಾ ಇದನ್ನ ಓದಿಸ್ತಿ? ನಿಮ್ಮವ್ವ ಯಾರಿಗೆ ಏನು ಮಾಡಿದ್ಲು?"

"ಅವ್ವಗಲ್ಲ ಚಾಚಿ, ನನಗ," ಎಂದ ಅಣ್ಣ. ಅಷ್ಟು ಜನರ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಪುರಾಣದವರು ಓದು ನಿಲ್ಲಿಸಿದರು.

ನಾವು ಅಡುಗೆಮನೆಗೆ ಕರೆದುಕೊಂಡು ಹೋದ ಮೇಲೆ ಅವನು ನನಗೂ ಚಾಚಿಗೂ ಹೇಳಿದ. ಅವ್ವ ಹಾಸಿಗೆ ಹಿಡಿದಿದ್ದಾಗ ಸಂಡೂರಿನಿಂದ ಬರುತ್ತ ಡ್ರೈವರ್ ಪಕ್ಕದಲ್ಲಿ ಕುಳಿತಿದ್ದನಂತೆ. ಲಾರಿ ಸೈಕಲ್ಲಿನವನಿಗೆ ಬಡಿಯಿತು. ಡ್ರೈವರ್ ಬ್ರೇಕ್ ಒತ್ತಿದ್ದ. 'ನಡೀ' ಎಂದವನು ಅಣ್ಣ. ಆ ಸೈಕಲ್ಲಿನವನು ಬುಕ್ಕಸಾಗರದವನೆಂದೂ ರಸ್ತೆಯಲ್ಲೇ ಪ್ರಾಣ ಬಿಟ್ಟನೆಂದೂ ಆಮೇಲೆ ಅವನಿಗೆ ತಿಳಿಯಿತಂತೆ.

"ಗೋದಾನ ಮಾಡಿದ್ರ ದಾಟ್ತೀನಂತ, ಚಾಚಿ."

ಚಾಚಿ ಕಣ್ಣೊರೆಸಿಕೊಂಡಳು. "ನಿಮ್ಮ ಪುರಾಣ ನನಗ ಗೊತ್ತಿಲ್ಲ. ನಮ್ಮಲ್ಲಿ, ಅಲ್ಲಾಗ ಮಾಡಿದ ತಪ್ಪನ್ನ ಅಲ್ಲಾ ಮಾಫ್ ಮಾಡ್ತಾನ. ಮನುಷ್ಯಾಗ ಮಾಡಿದ್ದನ್ನ ಆ ಮನುಷ್ಯಾನೇ ಮಾಫ್ ಮಾಡಬೇಕು. ಅಂವ ಹೋದ. ಅಂವನ ಮನಿಯವರರ ಅದಾರಲ್ಲ, ಅವರ ಕಡೆ ಹೋಗು. ಕೈಯಾಗ ಏನೂ ಹಿಡ್ಕೊಂಡು ಹೋಗಬ್ಯಾಡ."

ಶಿವನಲ್ಲಿ ಸೇರುವ ಮಾತಾಡುವ ನನಗಾಗಲಿ ಅಣ್ಣನಿಗಾಗಲಿ ಆ ಮನೆಯವರ ನೆನಪೇ ಬಂದಿರಲಿಲ್ಲ.

ಮರುದಿನ ಮೂವರೂ ಬುಕ್ಕಸಾಗರಕ್ಕೆ ಹೋದೆವು. ಸತ್ತವನ ತಂದೆ ಗದ್ದೆಯಿಂದ ಬಂದು ಅಂಗಳದಲ್ಲಿ ಕಾಲಿನ ಕೆಸರು ತೊಳೆಯುತ್ತಿದ್ದ. ಅಣ್ಣ ಕೈಮುಗಿದು, ಏನನ್ನೂ ಮುಚ್ಚಿಡದೆ ಹೇಳಿದ. ಮುದುಕ ಚೊಂಬು ಹಿಡಿದೇ ಪೂರ್ತಿ ಕೇಳಿದ.

"ನೀರು ಕೇಳಿದ್ನೇನ್ರಿ ನನ್ನ ಮಗ?"

"ಗೊತ್ತಿಲ್ರಿ," ಎಂದ ಅಣ್ಣ. "ನಾವು ನಿಂದರಲಿಲ್ಲ."

ಅಕ್ಕಪಕ್ಕದವರು ಬಂದು ನಿಂತಿದ್ದರು. ನನ್ನ ಮುಖ ಉರಿಯುತ್ತಿತ್ತು, ತಲೆ ಎತ್ತಲಾಗಲಿಲ್ಲ.

"ಸ್ವರ್ಗಕ್ಕ ಹೋಗ್ಯಾನ ಅಂತ ಎಲ್ಲಾರೂ ಹೇಳ್ತಾರ," ಎಂದ ಮುದುಕ. "ಹೋಗಿರಬೋದು. ಆದ್ರ ಆ ರಸ್ತೆ ಮ್ಯಾಲೆ ಒಬ್ಬನೇ ಬಿದ್ದಿದ್ದ." ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಣ್ಣ ಮುಗಿದ ಕೈ ಇಳಿಸದೆ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತ. ಕೊನೆಗೆ ಚಾಚಿ ಅವನ ತೋಳು ಹಿಡಿದು ಕರೆತಂದಳು.

ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗಿ ಅಣ್ಣ ಎಲ್ಲ ಒಪ್ಪಿಕೊಂಡ. ಕೇಸು ವರ್ಷಗಟ್ಟಲೆ ನಡೆಯಿತು. ಪುರಾಣ ಅರ್ಧಕ್ಕೇ ನಿಂತಿತು, ಗೋದಾನವನ್ನೂ ಅವನು ಮಾಡಲಿಲ್ಲ. ಆಗಾಗ ಬುಕ್ಕಸಾಗರಕ್ಕೆ ಹೋಗಿ ಅಂಗಳದಲ್ಲಿ ನಿಲ್ಲುತ್ತಿದ್ದ. ಮುದುಕ ಬಾ ಎನ್ನುತ್ತಿರಲಿಲ್ಲ, ಹೋಗು ಎಂದೂ ಅನ್ನುತ್ತಿರಲಿಲ್ಲ. ಮಾಫ್ ಮಾಡಿದೆ ಎಂಬ ಮಾತು ಅವನ ಬಾಯಿಂದ ಬರಲೇ ಇಲ್ಲ.

ಕಂಪ್ಲಿ ನನ್ನ ಗಂಡನ ಊರು. ತವರಿನಿಂದ ಅಲ್ಲಿಗೆ ಹೋಗುವ ಬಸ್ಸು ಬುಕ್ಕಸಾಗರ ದಾಟುವಾಗ ನಾನು ಈಗಲೂ ಕಿಟಕಿಯಿಂದ ಮುಖ ತಿರುಗಿಸಿ ಕೂಡುತ್ತೇನೆ.