ತಡೆಯದೆ ಹೋದ ಏಟು

ನಮ್ಮ ಓಣಿಯಲ್ಲಿ ಕೋಳಿಗಿಂತ ಮೊದಲು ಕೋಲು ಕೂಗುತ್ತಿತ್ತು. ನನ್ನ ಅಡುಗೆಮನೆಗೂ ನೋಂಗ್ ಕಾರ್ಪೊ ಅವರ ಹಿತ್ತಲಿಗೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ ಮಾತ್ರ. ಹಿರಿಯ ಗಂಡಸರನ್ನು ನಾವು ನೋಂಗ್ ಅನ್ನುತ್ತೇವೆ, ಹೆಂಗಸರನ್ನು ನಾಂಗ್. ನನ್ನ ಊಟದ ಅಂಗಡಿಗೆಂದು ತೆಂಗಿನ ಗರಿಯಲ್ಲಿ ಹೆಣೆದ ಪೊಟ್ಟಣಗಳಿಗೆ ಅಕ್ಕಿ ತುಂಬಿ ನಾನು ಬೇಯಲು ಇಡುವ ಹೊತ್ತಿಗೆ ಆ ಕಡೆ ಅಪ್ಪ ಮಗಳು ಶುರು ಹಚ್ಚಿಕೊಳ್ಳುತ್ತಿದ್ದರು. ಟಕ್, ಟಕ್, ಟಕಟಕ. ಮದುವೆಯಾಗಿ ಈ ಓಣಿಗೆ ಬಂದ ಹೊಸದರಲ್ಲಿ ಯಾರೋ ಕದ ತಟ್ಟುತ್ತಿದ್ದಾರೆಂದು ಎದ್ದು ಹೋಗಿ ತೆರೆದವಳು ನಾನು. ಈ ಸೆಬು ದ್ವೀಪದಲ್ಲೇ ಹುಟ್ಟಿದರೂ ನನಗೆ ಈ ಎಸ್ಕ್ರಿಮಾ ಎಂಬ ದೊಣ್ಣೆವರಸೆ ತಲೆಗೆ ಹತ್ತಿದ್ದಲ್ಲ, ತಲೆನೋವಾಗಿ ಹತ್ತಿದ್ದು.

ಮಗಳ ಹೆಸರು ಸೊತೆರಾ. ನನಗಿಂತ ಐದಾರು ವರ್ಷ ಚಿಕ್ಕವಳು. ಬೆತ್ತದ ಕುರ್ಚಿ ಮಾಡುವ ಕಾರ್ಖಾನೆಯಲ್ಲಿ ಬೆತ್ತಕ್ಕೆ ಹಬೆ ಕೊಟ್ಟು ಬಗ್ಗಿಸುವ ಕೆಲಸ ಅವಳದು. ಅಲ್ಲಿ ಉಳಿದ ತುಂಡುಗಳನ್ನು ತಂದು, ಸಿಪ್ಪೆ ಹೆರೆದು, ಬೆಂಕಿಗೆ ಹಿಡಿದು ಕಂದು ಬಣ್ಣ ಬರಿಸಿ, ಮನೆಗೆ ಬೇಕಾದ ಕೋಲುಗಳನ್ನು ಅವಳೇ ಮಾಡುತ್ತಿದ್ದಳು. ಮದುವೆಯಾಗಲಿಲ್ಲ. ಆ ಮನೆಗೆ ಅಳಿಯನಾಗುವವನು ಉಂಗುರಕ್ಕಿಂತ ಮೊದಲು ಹೆಲ್ಮೆಟ್ ಕೊಳ್ಳಬೇಕು ಎಂದು ಓಣಿಯ ಗಂಡಸರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆಗ ಅವಳಿಗೆ ನಗು ಬರುತ್ತಿತ್ತು ಎಂದು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನೋಂಗ್ ಕಾರ್ಪೊ ಅವರ ಆಟದಲ್ಲಿ ಮೊದಲ ಏಟು ಎಂಬುದೇ ಇರಲಿಲ್ಲ. ಎದುರಿನವರು ಹೊಡೆಯಬೇಕು. ಆ ಏಟನ್ನು ಅವರ ಕೋಲು ಅರ್ಧ ದಾರಿಯಲ್ಲೇ ತಡೆಯುತ್ತಿತ್ತು, ಖಾಲಿ ಎಡಗೈ ಹೋಗಿ ಹೊಡೆದವರ ಮಣಿಕಟ್ಟನ್ನು ಹಿಡಿಯುತ್ತಿತ್ತು, ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಹೀಗಾಗಿ ಅವರಿಗೆ ದಿನವೂ ಹೊಡೆಯುವವರು ಬೇಕು. ಶಿಷ್ಯರು ಒಬ್ಬೊಬ್ಬರೇ ಹಡಗಿನ ಕೆಲಸಕ್ಕೆ, ಗಲ್ಫಿಗೆ ಹೋದರು. ಉಳಿದವರ ಮಕ್ಕಳು ಮಾಲಿನಲ್ಲಿ ಏಸಿ ಕೋಣೆಯ ಟೇಕ್ವಾಂಡೋಗೆ ಸೇರಿದರು. ಹೊಡೆಯಲು ಉಳಿದವಳು ಸೊತೆರಾ ಒಬ್ಬಳು. ಹದಿನೈದರ ವಯಸ್ಸಿನಿಂದ ನಲವತ್ತು ದಾಟುವವರೆಗೂ ಅಪ್ಪನಿಗೆ ಹೊಡೆದದ್ದೇ ಅವಳ ಕಲಿಕೆ. ತಡೆಯುವುದನ್ನು ಅವರು ಅವಳಿಗೆ ಕಲಿಸಲೇ ಇಲ್ಲ.

"ಹೆಣ್ಣುಮಗಳಿಗೆ ಯಾಕೆ ಅದೆಲ್ಲ?" ಅನ್ನುತ್ತಿದ್ದರು.

"ಹೊಡೆಯೋಕೆ ಹೆಣ್ಣು ಆಗ್ತಾಳೆ, ತಡೆಯೋಕೆ ಆಗಲ್ವಾ ನೋಂಗ್?" ಎಂದು ನಾನು ತಗಡಿನ ಮೇಲಿಂದ ತಲೆ ಹಾಕಿ ಕೇಳಿದ್ದಕ್ಕೆ, "ನಿನ್ನ ಅನ್ನ ಸೀದು ಹೋಗ್ತಿದೆ ನೋಡು ಲೋರಿಂಗ್" ಎಂದಿದ್ದರು. ನಿಜಕ್ಕೂ ಸೀದು ಹೋಗಿತ್ತು.

ಅವರಿಗೆ ಬದುಕಿನಲ್ಲಿ ಇದ್ದ ಆಸೆ ಒಂದೇ. ಇದು ಈ ದೇಶದ ವಿದ್ಯೆ ಎಂದು ಸರ್ಕಾರ ಬಾಯಿಬಿಟ್ಟು ಹೇಳಬೇಕು, ಆ ದಿನ ತನ್ನ ಆಟವನ್ನು ಎಲ್ಲರೆದುರು ಒಮ್ಮೆ ತೋರಿಸಬೇಕು. ಅದಕ್ಕಾಗಿ ಹಳೆಯ ಆಟಗಾರ ಮುದುಕರ ಸಭೆಗಳು ನನ್ನ ಅಂಗಡಿಯ ಬೆಂಚಿನ ಮೇಲೇ ನಡೆಯುತ್ತಿದ್ದವು. ಸುಟ್ಟ ಮಾಂಸದ ಕಡ್ಡಿ ಹಿಡಿದುಕೊಂಡೇ ಏಟು ತೋರಿಸುವುದು, ಯಾರ ಗುರು ಯಾರ ಗುರುವಿಗೆ ಹೊಡೆದಿದ್ದ ಎಂದು ಜಗಳ ತೆಗೆಯುವುದು, ವಿನೆಗರ್ ಬಟ್ಟಲು ಮಗುಚುವುದು. ಮನಿಲಾದವರು ಇದನ್ನು ಆರ್ನಿಸ್ ಅನ್ನುತ್ತಾರೆ, ಅರ್ಜಿಯಲ್ಲಿ ಆ ಹೆಸರಿಗೆ ನಾವು ಸಹಿ ಹಾಕಬೇಕಾ ಎಂದು ಒಂದು ಇಡೀ ಮಳೆಗಾಲ ಮುನಿಸಿಕೊಂಡರು.

"ಸರ್ಕಾರ ಹೇಳಿದ್ರೆ ಕೋಲು ಗಟ್ಟಿಯಾಗುತ್ತಾ ನೋಂಗ್?" ಎಂದು ನಾನು ಒಮ್ಮೆ ಕೆಣಕಿದೆ.

"ಕೋಲು ಗಟ್ಟಿಯಾಗಲ್ಲ. ಶಾಲೇಲಿ ಕಲಿಸ್ತಾರೆ. ನಾನು ಸತ್ತ ಮೇಲೆ ನನ್ನ ಆಟ ಹಿತ್ತಲಲ್ಲೇ ಕೊಳೆಯಲ್ಲ. ಅಷ್ಟು ಸಾಕು."

ನವೆಂಬರ್ ತಿಂಗಳ ಒಂದು ಸಾಯಂಕಾಲ ಅವರು ಮಣಿಕಟ್ಟಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಅಂಗಡಿಗೆ ಬಂದು ಕೂತರು. ಶುಂಠಿ ಎಣ್ಣೆ ಇದ್ದರೆ ಹಚ್ಚು ಎಂದರು. ಹಚ್ಚಿದೆ. ಮಗಳ ವಿಷಯ ಏನೋ ಹೇಳಿ ನಕ್ಕರು. ಗಿರಾಕಿಗಳ ಗಲಾಟೆ, ಒಲೆಯ ಹೊಗೆ, ನಾನು ಹೂಂ ಹೂಂ ಅಂದೆ. ಮಾರನೆಯ ಬೆಳಿಗ್ಗೆ ಕೋಲಿನ ಸದ್ದಾಗಲಿಲ್ಲ. ನೋಂಗ್ ಕಾರ್ಪೊ ನಿದ್ದೆಯಲ್ಲೇ ಹೋಗಿದ್ದರು.

ಸೊತೆರಾ ಅಳಲಿಲ್ಲ. ಮೊದಲ ದಿನ ಅಳಲಿಲ್ಲ, ಮಣ್ಣು ಮಾಡುವಾಗಲೂ ಅಳಲಿಲ್ಲ. ಹೆಣ ಮನೆಯಲ್ಲಿರುವಾಗ ಕಸ ಗುಡಿಸುವಂತಿಲ್ಲ, ಅವಳು ಗುಡಿಸಲಿಲ್ಲ. ಬಂದವರನ್ನು ಬಾಗಿಲವರೆಗೆ ಕಳಿಸಿ ಬರುವಂತಿಲ್ಲ, ಕಳಿಸಲಿಲ್ಲ. ಕಪ್ಪು ಬಟ್ಟೆ ಉಟ್ಟಳು, ಜಪಮಾಲೆ ಹಿಡಿದಳು, ಕಾಫಿ ಕೊಟ್ಟಳು. ಎಲ್ಲವೂ ಸರಿಯಾಗಿತ್ತು, ಮಾಡುತ್ತಿದ್ದವಳೇ ಅಲ್ಲಿರಲಿಲ್ಲ. ದಿನವೂ ನಾನು ಎರಡು ಪೊಟ್ಟಣ ಅನ್ನ ಕಳಿಸುತ್ತಿದ್ದೆ. ಅವು ಅವಳ ಬಾಗಿಲ ಮೊಳೆಗೆ ನೇತುಬಿದ್ದು ಹಳಸುತ್ತಿದ್ದವು. ನನಗೆ ಸಿಟ್ಟು ಬರುತ್ತಿತ್ತು. ಅಳುವವರನ್ನು ಸಮಾಧಾನ ಮಾಡಬಹುದು, ಅಳದೆ ಲೋಟ ತೊಳೆಯುತ್ತ ನಿಂತವಳನ್ನು ಏನು ಮಾಡುವುದು?

ನಲವತ್ತನೆಯ ದಿನದ ಪ್ರಾರ್ಥನೆ ಆದ ಮೇಲಿನ ವಾರ ರೇಡಿಯೋದಲ್ಲಿ ಸುದ್ದಿ ಬಂತು. ಕಾನೂನಿಗೆ ಸಹಿ ಬಿತ್ತು, ಇನ್ನು ಇದೇ ದೇಶದ ಸಮರ ಕಲೆ, ದೇಶದ ಆಟ. ಮುದುಕರು ಬೆಂಚು ಬಡಿದರು, ಒಬ್ಬರು ಕುಣಿಯಲು ಹೋಗಿ ಸೊಂಟ ಹಿಡಿದುಕೊಂಡರು. ನಾನು ಇಕ್ಕಳ ಕೈಯಲ್ಲಿ ಹಿಡಿದೇ ಓಡಿದೆ.

"ಸೊತೆರಾ! ಆಯ್ತು ಕಣೇ! ನಿಮ್ಮಪ್ಪ ಬೇಡಿದ್ದು ಆಯ್ತು!"

ಅವಳು ಬಟ್ಟೆ ಹಿಂಡುತ್ತಿದ್ದಳು. "ಹೌದಾ ನಾಂಗ್?" ಎಂದಳು. ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿದಳು.

"ಹೌದಾ ಅಂತೆ! ಕಲ್ಲೇನೇ ನೀನು?"

"ಏನಾಗಬೇಕು ಅಂತ ಗೊತ್ತಾಗ್ತಿಲ್ಲ ನಾಂಗ್. ಏನೂ ಆಗ್ತಿಲ್ಲ." ಅದನ್ನೂ ಅವಳು ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದಳು.

ಫೆಬ್ರವರಿಯಲ್ಲಿ ಊರ ನಡುವಿನ ಬಯಲಿನಲ್ಲಿ, ಪ್ಲಾಸಾದಲ್ಲಿ, ಸಮಾರಂಭ ಎಂದಾಯಿತು. ಒಂದೊಂದು ಮನೆತನವೂ ಬಂದು ತಮ್ಮ ಆಟ ತೋರಿಸಬೇಕು. ನಗರ ಕಚೇರಿಯಿಂದ ಒಬ್ಬ ಹುಡುಗಿ ಆ ದಿನ ತೊಡಬೇಕಾದ ಕೆಂಪು ಅಂಗಿಗಳ ಗಂಟು ಹೊತ್ತು ಸೊತೆರಾಳ ಮನೆಗೆ ಬಂದಳು. ಒಳ್ಳೆಯ ಹುಡುಗಿ, ಚಪ್ಪಲಿ ಬಿಟ್ಟು ಒಳಗೆ ಬಂದಳು, ನೋಂಗ್ ಕಾರ್ಪೊ ಅವರ ಫೋಟೋಗೆ ಮೊದಲು ಕೈಮುಗಿದಳು.

"ನಿಮ್ಮ ತಂದೆಯವರ ಆಟ ತೋರಿಸೋರು ಯಾರು ನಾಂಗ್?"

"ಯಾರೂ ಇಲ್ಲ."

"ನಿಮಗೆ ಬರುತ್ತೆ ಅಂತ ಎಲ್ಲರೂ ಹೇಳಿದ್ರು."

"ನನಗೆ ಬರೋದು ಅವರ ಎದುರಿನವರ ಆಟ. ಅವರದ್ದಲ್ಲ."

ಹುಡುಗಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಇಷ್ಟು ವರ್ಷ ಕಾದ ಮನುಷ್ಯನ ಆಟ ಆ ದಿನ ಅಲ್ಲಿ ಕಾಣದೆ ಹೋದರೆ ಅದು ಇನ್ನೆಲ್ಲೂ ಕಾಣುವುದಿಲ್ಲ. ಹಿತ್ತಲಲ್ಲಿ ಕೊಳೆಯುವುದೂ ಇಲ್ಲ, ಹಿತ್ತಲಲ್ಲೂ ಅದು ಉಳಿದಿರಲಿಲ್ಲ.

ಆಗ ನನಗೆ ನೆನಪಾದವರು ನೋಂಗ್ ದೆನ್ಸಿಯೊ. ಮಾರುಕಟ್ಟೆಯ ಆಚೆ ಬದಿಯ ಮುದುಕ, ಹಳೆಯ ಎದುರಾಳಿ. ಪ್ರಾಯದಲ್ಲಿ ಇಬ್ಬರೂ ಕೋಳಿ ಅಂಕದ ಕಣದಲ್ಲಿ, ತಲೆಗೆ ಕೈಗೆ ಏನೂ ಕಟ್ಟಿಕೊಳ್ಳದೆ ಹೊಡೆದಾಡಿದ್ದರು. ನೋಂಗ್ ದೆನ್ಸಿಯೊ ಅವರ ಬಲಗೈಯ ಎರಡು ಬೆರಳು ಆ ದಿನದಿಂದ ಮಡಚಿಲ್ಲ. ಮಾತೂ ಆ ದಿನವೇ ನಿಂತಿತ್ತು. ಚರ್ಚಿನಲ್ಲಿ ಇವರು ಈ ಬದಿ ಕೂತರೆ ಅವರು ಆ ಬದಿ. ಹೋಗಿ ಕರೆದೆ. ಬೈದು ಕಳಿಸುತ್ತಾರೆ ಅಂದುಕೊಂಡಿದ್ದೆ. ಅವರು ಕೋಲು ತೆಗೆದುಕೊಂಡು ಹೊರಟೇಬಿಟ್ಟರು.

"ನಾನು ನಿಮ್ಮಪ್ಪ ಆಗ್ತೀನಿ, ನೀನು ಹೊಡಿ" ಎಂದರು ಸೊತೆರಾಗೆ.

ಹಿತ್ತಲಲ್ಲಿ ಎದುರುಬದುರು ನಿಂತರು. ಸೊತೆರಾ ಹೊಡೆದಳು. ಮುದುಕ ತಡೆಯಬೇಕಿತ್ತು. ಅವರೂ ಹೊಡೆದರು. ಎರಡು ಕೋಲು ನಡುವೆ ಬಡಿದು ಅವಳದು ಸಿಡಿದು ನನ್ನ ತಗಡಿಗೆ ಬಂದು ಬಿತ್ತು. ಮತ್ತೆ ನಿಂತರು, ಮತ್ತೆ ಅದೇ ಆಯಿತು.

"ನೀವು ಅಪ್ಪ ಆಗಬೇಕಲ್ವಾ ನೋಂಗ್?"

ಮುದುಕ ಬೆವರು ಒರೆಸಿಕೊಂಡರು. "ಆಗ್ತಿಲ್ಲ ಕಣಮ್ಮ. ಇಷ್ಟು ವರ್ಷ ಮನಸ್ಸಲ್ಲಿ ದಿನಾ ಅವನ ಜೊತೆ ಆಡಿದೀನಿ. ಒಂದು ದಿನಾನೂ ಅವನ ಜಾಗದಲ್ಲಿ ನಿಂತಿಲ್ಲ. ಹೇಗೆ ಹೊಡೆದ್ರೆ ಅವನಿಗೆ ತಾಗುತ್ತೆ ಅಂತಾನೇ ಯೋಚಿಸ್ತಿದ್ದೆ."

"ತಾಗ್ತಿತ್ತಾ?"

"ಎಲ್ಲಿ ತಾಗುತ್ತೆ! ಮನಸ್ಸಲ್ಲೂ ತಡೀತಿದ್ದ ನನ್ಮಗ."

ನನಗೆ ನಗು ಬಂತು. ಸೊತೆರಾ ನಗಲಿಲ್ಲ. ಹಿತ್ತಲಿನ ನಡುಭಾಗ ನೋಡಿದಳು. ಅಪ್ಪ ನಿಲ್ಲುತ್ತಿದ್ದ ಕಡೆ ನೆಲ ತಟ್ಟೆಯಂತೆ ತಗ್ಗಾಗಿತ್ತು. ಆಮೇಲೆ, "ಹಾಗಾದ್ರೆ ಇಬ್ಬರೂ ಅವರಿಗೇ ಹೊಡೆಯೋಣ" ಎಂದಳು.

ಸಮಾರಂಭದ ದಿನ ಪ್ಲಾಸಾ ತುಂಬ ಕೆಂಪು ಅಂಗಿ. ಸೊತೆರಾ ಮಾತ್ರ ಕಪ್ಪಿನಲ್ಲಿ ಬಂದಳು. ವರ್ಷ ತುಂಬುವವರೆಗೆ ಕೆಂಪು ಮುಟ್ಟುವಂತಿಲ್ಲ ಎಂದು ಅವಳು ಹೇಳಿದಾಗ ಕಚೇರಿಯ ಹುಡುಗಿ ತಲೆಯಾಡಿಸಿ ಅಂಗಿಯನ್ನು ಮಡಚಿ ಒಳಗಿಟ್ಟಳು. ಶಾಲೆಯ ಮಕ್ಕಳು ಮೆತ್ತೆ ಸುತ್ತಿದ ಕೋಲಿನಿಂದ, ತಲೆಗೆ ಜಾಲರಿ ಹಾಕಿಕೊಂಡು ಪಟಪಟ ಹೊಡೆದಾಡಿದರು. ಭಾಷಣಗಳಾದವು. ನೋಂಗ್ ಕಾರ್ಪೊ ಇದ್ದಿದ್ದರೆ ಆ ಮೆತ್ತೆಗೆ ಏನು ಹೇಳುತ್ತಿದ್ದರೋ ನನಗೆ ಗೊತ್ತು, ಬರೆಯುವಂತಿಲ್ಲ.

ಅವರ ಹೆಸರು ಕೂಗಿದಾಗ ಸೊತೆರಾ, ನೋಂಗ್ ದೆನ್ಸಿಯೊ ಇಬ್ಬರೂ ಹೋಗಿ ನಿಂತರು. ಎದುರುಬದುರಾಗಿ, ಆದರೆ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಬಿಟ್ಟು. ಮುದುಕ ಮೊದಲು ಹೊಡೆದರು. ಖಾಲಿ ಜಾಗಕ್ಕೆ ಬೀಸಿ ಬಂದ ಕೋಲು ಒಂದು ಕಡೆ ಗಕ್ಕನೆ ನಿಂತಿತು. ಅಲ್ಲಿ ತಡೆಯಾಗುತ್ತಿತ್ತು, ಅದಕ್ಕೇ ನಿಂತಿತು. ಸೊತೆರಾ ಆ ಬದಿಯಿಂದ ಹೊಡೆದಳು. ಅವಳ ಕೋಲೂ ಗಾಳಿಯಲ್ಲಿ ನಿಂತಿತು, ಮಣಿಕಟ್ಟು ಯಾರೋ ಹಿಡಿದಂತೆ ತಿರುಚಿ ಕೆಳಗೆ ಹೋಯಿತು. ತಲೆಗೆ, ಪಕ್ಕೆಗೆ, ಮೊಣಕಾಲಿಗೆ. ಇಬ್ಬರ ಕೋಲೂ ಎಲ್ಲೆಲ್ಲಿ ನಿಂತವೋ ಅಲ್ಲೆಲ್ಲ ನೋಂಗ್ ಕಾರ್ಪೊ ಇದ್ದರು. ಹರೆಯದವರು ಪಿಳಿಪಿಳಿ ನೋಡಿದರು, ಇದೇನು ಪೆದ್ದಾಟ ಎಂದು ಯಾರೋ ಅಂದರು. ಮುಂದಿನ ಸಾಲಿನ ಮುದುಕರು ಮಾತ್ರ ಒಬ್ಬೊಬ್ಬರಾಗಿ ಟೋಪಿ ತೆಗೆದರು. ಕೋಲಿನ ಆಟದ ಗಂಧ ಗಾಳಿ ಗೊತ್ತಿಲ್ಲದ ನನಗೂ ತಗಡಿನ ಆಚೆ ಕೇಳಿಸುತ್ತಿದ್ದ ಆ ಸದ್ದು ಕೇಳಿಸಿತು.

ಕೊನೆಯ ಏಟು ಸೊತೆರಾಳದು. ಮಣಿಕಟ್ಟಿಗೆ. ನಿಧಾನವಾಗಿ ಬಂತು. ಅದು ನಿಲ್ಲಲಿಲ್ಲ. ಖಾಲಿ ಜಾಗವನ್ನು ದಾಟಿ ಹೋಗಿ ಕೋಲಿನ ತುದಿ ನೆಲಕ್ಕೆ ತಾಗಿತು.

ನೋಂಗ್ ದೆನ್ಸಿಯೊ ಮೆಲ್ಲಗೆ ಹೇಳಿದರು, "ಇದನ್ನ ಅವನು ತಡೀತಿದ್ದನಲ್ಲಮ್ಮ."

"ತಡೀಲಿಲ್ಲ ನೋಂಗ್. ಇದನ್ನ ತಡೀಲಿಲ್ಲ."

ಚಪ್ಪಾಳೆ ಬಂತು. ಹಲಗೆಗೆ ಹಾಕಿದ ಹಿತ್ತಾಳೆಯ ಬಿಲ್ಲೆಯೊಂದನ್ನು, ಅಪ್ಪನ ಹೆಸರು ಕೊರೆದದ್ದನ್ನು, ಅವಳ ಕೈಗೆ ಕೊಟ್ಟರು. ತೆಗೆದುಕೊಂಡಳು, ತಲೆ ಬಾಗಿಸಿದಳು. ಮುಖ ಒಗೆದು ಒಣಗಿಸಿದ ಬಟ್ಟೆಯ ಹಾಗೇ ಇತ್ತು.

ಮನೆಗೆ ಜೀಪ್ನಿಯಲ್ಲಿ, ಆ ಉದ್ದನೆಯ ಬಾಡಿಗೆ ಜೀಪಿನಲ್ಲಿ, ಹೊರಟೆವು. ಹಿಂಬದಿಯ ಬಾಗಿಲಿನಿಂದ ಜನ ಹತ್ತುತ್ತಿದ್ದರು, ಅವರ ಚಿಲ್ಲರೆ ಕೈಯಿಂದ ಕೈಗೆ ದಾಟಿ ಮುಂದೆ ಡ್ರೈವರನಿಗೆ ಹೋಗುತ್ತಿತ್ತು, ನಾವು ನಡುವೆ ಒತ್ತಿಕೊಂಡು ಕೂತಿದ್ದೆವು. ಬಿಲ್ಲೆ ಅವಳ ತೊಡೆಯ ಮೇಲಿತ್ತು. ಮಾರುಕಟ್ಟೆ ದಾಟಿದ ಮೇಲೆ ಅವಳು ಕೇಳಿದಳು.

"ನಾಂಗ್, ಅಪ್ಪ ಹೋಗೋ ಹಿಂದಿನ ಸಾಯಂಕಾಲ ನಿಮ್ಮ ಅಂಗಡಿಗೆ ಬಂದಿದ್ರಲ್ಲ. ಕೈ ತುಂಬ ನೋಯ್ತಿತ್ತಾ?"

"ಯಾಕೆ?"

"ಅದು ನಾನು ಹೊಡೆದದ್ದು. ಅವರಿಗೆ ವಯಸ್ಸಾಗ್ತಾ ಆಗ್ತಾ ನಾನು ನಿಧಾನ ಮಾಡ್ತಾ ಬಂದೆ. ತಡೆಯೋಕೆ ಸಿಗಲಿ ಅಂತ. ಗೊತ್ತಾಗದ ಹಾಗೆ ಮಾಡ್ತಿದ್ದೆ. ಆವತ್ತು ತೀರಾ ನಿಧಾನಕ್ಕೆ ಹೊಡೆದೆ ನಾಂಗ್. ಅದೂ ತಾಗಿಬಿಡ್ತು. ಅವರು ಏನೂ ಅನ್ನಲಿಲ್ಲ, ಕೋಲು ಇಟ್ಟು ಒಳಗೆ ಹೋದರು. ಮನಸ್ಸು ಮುರಿದೇ ಹೋದರು ಅವರು."

ಆಗ ನನಗೆ ಒಲೆಯ ಹೊಗೆಯೊಳಗಿಂದ ಆ ಮಾತು ಎದ್ದು ಬಂತು. ಇಷ್ಟು ದಿನ ಎಲ್ಲಿ ಬಿದ್ದಿತ್ತೋ. ಎಣ್ಣೆ ತಿಕ್ಕುವಾಗ ನೋಂಗ್ ಕಾರ್ಪೊ ನಗುನಗುತ್ತಲೇ ಹೇಳಿದ್ದ ಮಾತು. ನಾನು ಸೊತೆರಾ ಕಡೆ ತಿರುಗಿ ಹೇಳಿದೆ.

"ಮನಸ್ಸು ಮುರಿದವರು ಮೂರು ಕಡ್ಡಿ ಮಾಂಸ ತಿಂತಾರಾ? ಕೇಳಿಲ್ಲಿ. ಅವರು ಅಂದದ್ದು ಹೀಗೆ. ನನ್ನ ಮಗಳು ಎಷ್ಟೋ ವರ್ಷದಿಂದ ನನ್ನ ಕೋಲಿಗೆ ಸಿಗೋ ಹಾಗೇ ಹೊಡೀತಾಳೆ ಲೋರಿಂಗ್, ನನಗೆ ಗೊತ್ತಿಲ್ಲ ಅಂದ್ಕೊಂಡಿದಾಳೆ. ಇವತ್ತು ಪಾಪ, ಅಷ್ಟು ನಿಧಾನ ಮಾಡಿದ್ರೂ ನಾನೇ ಕೈಕೊಟ್ಟೆ. ಅವಳಿಗೆ ಹೇಳಬೇಡ, ನಾಳೆ ಬೆಳಿಗ್ಗೆ ನಾಚಿಕೊಂಡು ಎದ್ದೇ ಬರಲ್ಲ, ನನಗೆ ಹೊಡೆಯೋರು ಯಾರು ಆಮೇಲೆ?"

ಸೊತೆರಾ ನನ್ನ ಮುಖ ನೋಡಿದಳು. "ಗೊತ್ತಿತ್ತಾ ಅವರಿಗೆ?"

"ಗೊತ್ತಿತ್ತು ಕಣೇ."

"ಎಲ್ಲಾ ಗೊತ್ತಿತ್ತಾ?"

"ಬೆಳಿಗ್ಗೆ ನಿನ್ನ ಕಾಯ್ತೀನಿ ಅಂತಾನೇ ಎದ್ದು ಹೋದ್ರು."

ಅವಳ ಗಂಟಲಿನಿಂದ ಬಂದ ಸದ್ದಿಗೆ ಎದುರಿನ ಸೀಟಿನವರೆಲ್ಲ ತಿರುಗಿದರು. ಬಿಲ್ಲೆಯ ಮೇಲೆ ಬಗ್ಗಿ ಅತ್ತಳು, ಮೂಗು ಬಾಯಿ ಒಂದಾಗಿ, ಜೀಪ್ನಿಯ ಸದ್ದನ್ನೂ ಮೀರಿ ಅತ್ತಳು. ನಾನೂ ಅತ್ತೆ, ಹೊಟ್ಟೆ ತಣ್ಣಗಾಯಿತು. ಕೊನೆಯಲ್ಲಿ ಕೂತಿದ್ದ ಹೆಂಗಸೊಬ್ಬಳಿಗೆ ಏನು ಮಾಡಬೇಕೆಂದು ತೋಚದೆ, ಟಿಕೆಟ್ಟಿನ ಚಿಲ್ಲರೆಯನ್ನು ಎಂದಿನಂತೆ ಮುಂದಕ್ಕೆ ಚಾಚಿ, "ಸ್ವಲ್ಪ ದಾಟಿಸ್ತೀರಾ ನಾಂಗ್" ಎಂದಳು. ಸೊತೆರಾ ತಲೆ ಎತ್ತದೆ, ಅಳು ನಿಲ್ಲಿಸದೆ, ಎಡಗೈ ಚಾಚಿ ಅದನ್ನು ಹಿಡಿದು ಮುಂದಿನವರ ಕೈಗೆ ದಾಟಿಸಿದಳು.