ಎಡಗಡೆಯ ಪೆಟ್ಟಿಗೆ

ಸಂಡೂರಿನ ಗುಡ್ಡದಲ್ಲಿ ಕಲ್ಲಿಗೆ ಮದ್ದು ತುಂಬಿ ಸಿಡಿಸುವ ಕೆಲಸ ಮಾರೆಪ್ಪನದು. ಬತ್ತಿಗೆ ಬೆಂಕಿ ಕೊಟ್ಟು ಓಡಿ ಬರುವುದನ್ನು ಎದೆಗಾರಿಕೆ ಇದ್ದವರು ಯಾರಾದರೂ ಮಾಡಿಯಾರು. ಅವನಿಗೆ ಹೆಸರಿದ್ದದ್ದು ಆಮೇಲಿನ ಕೆಲಸಕ್ಕೆ. ಬಂಡೆಯ ಮರೆಯಲ್ಲಿ ಕೂತು ಸಿಡಿತದ ಸದ್ದನ್ನು ಎಣಿಸುತ್ತಿದ್ದ. ಎಷ್ಟು ಕುಳಿಗೆ ಮದ್ದು ತುಂಬಿದೆಯೋ ಅಷ್ಟು ಸದ್ದು ಕೇಳಬೇಕು. ಒಂದು ಕಡಿಮೆಯಾದರೂ ಒಂದು ಕುಳಿ ಸಿಡಿಯದೆ ಉಳಿದಿದೆ ಎಂದರ್ಥ, ಅತ್ತ ಯಾರೂ ಸುಳಿಯಬಾರದು. ತೊಡಕೆಲ್ಲ ಎದುರು ಗುಡ್ಡದ್ದು. ಅದು ಪ್ರತಿ ಸದ್ದನ್ನೂ ಮರಳಿ ಒದರುತ್ತದೆ, ಹೊಸಬರು ಅದನ್ನೂ ಲೆಕ್ಕಕ್ಕೆ ಸೇರಿಸಿ ಕೂರುತ್ತಾರೆ. "ಸಿಡಿತ ಬರೋದು ಬಲಗಡೆಯಿಂದ, ಗುಡ್ಡ ಒದರೋದು ಎಡಗಡೆಯಿಂದ. ಇಷ್ಟ ಲೆಕ್ಕ" ಎಂದು ಮಾರೆಪ್ಪ ನಗುತ್ತಿದ್ದ. ಅವನು ಹಸಿರು ಬಾವುಟ ಎತ್ತಿದ ಮೇಲೆ ಆ ಜಾಗಕ್ಕೆ ಮೊದಲು ಕಾಲಿಡುತ್ತಿದ್ದವನು ಅವನ ಹೆಂಡತಿ ದುರ್ಗಕ್ಕನ ತಮ್ಮ ಜಂಬಯ್ಯ. ಮಷೀನು ಹಿಡಿದು ಕಲ್ಲು ಕೊರೆಯುವ ಆಳು.

ಅದಿರಿನ ಕೆಂಪು ಮಣ್ಣಿಗೆ ಬಂಗಾರದ ಬೆಲೆ ಬಂದಿದ್ದ ಕಾಲ ಅದು. ಹೊಸಪೇಟೆ ರಸ್ತೆಯಲ್ಲಿ ಲಾರಿಗಳ ಸಾಲು ಕಡಿಯುತ್ತಿರಲಿಲ್ಲ. ಒಗೆದು ಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಾಗಿರುತ್ತಿತ್ತು. ದುಡ್ಡು ಕಂಡವರೆಲ್ಲ ಏನಾದರೊಂದು ಕೊಂಡರು. ಭಜನೆಯ ಹುಚ್ಚಿನ ಮಾರೆಪ್ಪ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳ ಸೀಡಿ ಸೆಟ್ಟು ತಂದ. ರಜೆಯ ದಿನ ಅವೆರಡರ ಎದುರು ಮಂಚ ಎಳೆದು, ದೊರೆಯ ಹಾಗೆ ಕೂತ.

"ಎಡಗಡೆ ಪೆಟ್ಟಿಗಿ ಸತ್ತೈತಿ," ಅಂದ ಸ್ವಲ್ಪ ಹೊತ್ತಿಗೇ. "ದನಿಯೆಲ್ಲಾ ಬಲಕ್ಕ ಬರಾಕ ಹತ್ತೈತಿ."

"ನನಗ ಎರಡೂ ಕೇಳ್ತಾವಲ್ರಿ," ಎಂದಳು ದುರ್ಗಕ್ಕ.

"ನಿನಗೇನ್ ತಿಳೀತೈತಿ, ಸುಮ್ನಿರು."

ಅವನೇ ರಿಪೇರಿಗೆ ಇಳಿದ. ಎಡಬಲ ದನಿ ಹಂಚುವ ಗುಂಡಿ ಸರಿಯಾಗಿ ನಡುವೆಯೇ ಇತ್ತು. ಸೆಟ್ಟಿನ ಹಿಂದಿನ ವಯರುಗಳನ್ನು ಅದಲುಬದಲು ಮಾಡಿದ. ಸೆಟ್ಟಿನದೋ ವಯರಿನದೋ ತಪ್ಪಾಗಿದ್ದರೆ ಈಗ ಬಲಗಡೆಯ ಪೆಟ್ಟಿಗೆ ಬಂದ್ ಆಗಬೇಕಿತ್ತು. ಎಡಗಡೆಯದೇ ಬಂದ್ ಅಂದ. ಹಾಗಾದರೆ ತಪ್ಪು ಪೆಟ್ಟಿಗೆಯದೇ ಎಂದು ಪೆಟ್ಟಿಗೆಗಳನ್ನೇ ಎತ್ತಿ ಜಾಗ ಬದಲಿಸಿದ. ಆಗಲೂ ಎಡಗಡೆಯದೇ ಬಂದ್. ಬೆವರು ಒರೆಸಿಕೊಂಡು ಅಂಗಡಿಯವನ ಹೆಸರು ಹಿಡಿದು ಬೈದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಾಪ, ಅವನಿಗೆ ನೆಲ ನಿಜವಾಗಿಯೂ ಡೊಂಕಾಗಿಯೇ ಕಾಣುತ್ತಿತ್ತು.

ದುರ್ಗಕ್ಕ ಹೋಗಿ ಎಡಗಡೆಯ ಪೆಟ್ಟಿಗೆಯ ಬಟ್ಟೆಯ ಮೇಲೆ ಅಂಗೈ ಇಟ್ಟಳು. ಬಟ್ಟೆ ಅದುರುತ್ತಿತ್ತು. ಪೆಟ್ಟಿಗೆಗೆ ಜೀವವಿತ್ತು. ನೋಡಿಯೇ ಬಿಡೋಣವೆಂದು, "ಒಂದೀಟು ಈ ಕಡೆ ಮಾರಿ ಮಾಡಿ ಕುಂದ್ರಿ, ಕಸ ಹೊಡೀತೀನಿ," ಎಂದಳು. ಮಾರೆಪ್ಪ ಪೆಟ್ಟಿಗೆಗಳಿಗೆ ಬೆನ್ನು ಹಾಕಿ ಕೂತ. ಕೂತವನ ಮುಖ ಅರಳಿತು.

"ನೋಡಿದೇನು, ಆ ಪೆಟ್ಟಿಗಿಗೆ ಜೀವ ಬಂತು. ಈಗ ಇನ್ನೊಂದು ಹೋತು."

ಹೇಳಿ ಮುಗಿಸುವಷ್ಟರಲ್ಲಿ ಅವನಿಗೂ ತಿಳಿಯಿತು. ಎಡಗಿವಿಯ ಬಳಿ ಚಿಟಿಕೆ ಹೊಡೆದ. ಮತ್ತೆ ಹೊಡೆದ. ಕಸಬರಿಗೆ ಹಿಡಿದು ನಿಂತ ಹೆಂಡತಿಯನ್ನು ನೋಡಲಾರದೆ ನೆಲ ನೋಡಿದ.

"ಯಾರ ಮುಂದೂ ಬಾಯಿ ಬಿಡಬ್ಯಾಡ," ಅಂದ. "ಎಣಿಸಾಕ ಒಂದು ಕಿವಿ ಸಾಕು."

ಸಾಲದು ಎಂಬುದು ಅವನೇ ಕಲಿಸಿದ ಪಾಠ. ಒಂದೇ ಕಿವಿಯವನಿಗೆ ಸಿಡಿತವೂ ಬಲಕ್ಕೆ, ಗುಡ್ಡದ ಒದರಾಟವೂ ಬಲಕ್ಕೆ. ಸಿಡಿಯದ ಕುಳಿಯ ಲೆಕ್ಕವನ್ನು ಗುಡ್ಡವೇ ತುಂಬಿಸಿಕೊಡುತ್ತದೆ, ಇವನು ಬಾವುಟ ಎತ್ತುತ್ತಾನೆ, ಜಂಬಯ್ಯ ಕಾಲಿಡುತ್ತಾನೆ. ಮುಂದಿನದನ್ನು ನೆನೆಸಲಾರದೆ ದುರ್ಗಕ್ಕ ಒಲೆಯ ಮುಂದೆ ಕೂತಳು. ಅವಳಿಗೆ ಗಂಡನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಅಂದು ಸಂಜೆ ಜಂಬಯ್ಯ ಊಟಕ್ಕೆ ಬಂದ. ದುರ್ಗಕ್ಕ ಅವನ ರಟ್ಟೆ ಹಿಡಿದು ಅಂಗಳದ ಮೂಲೆಗೆ ಎಳೆದೊಯ್ದು, ಎದುರಿಗೆ ನಿಂತು, ಗಂಡನ ಮಾತು ಮೀರಿ ಎಲ್ಲವನ್ನೂ ಹೇಳಿದಳು. ಅವನು ಅವಳ ಬಾಯಿಯನ್ನೇ ನೋಡುತ್ತ ಕೇಳಿದ.

"ಭಾಳ ಚಿಂತಿ ಮಾಡಬ್ಯಾಡಕ್ಕ," ಎಂದ ಕೊನೆಗೆ. "ಮಾವನ ಮರ್ಯಾದಿ ಹೋಗೋದು ಬ್ಯಾಡ. ನಾಳಿಂದ ನಾನ ಅವನ ಬಾಜೂಕ ಕುಂತು ಎಣಿಸ್ತೀನಿ. ನಾ ತಲಿ ಆಡಿಸಿದ ಮ್ಯಾಲ ಅವ ಬಾವುಟ ಎತ್ತಲಿ."

ದುರ್ಗಕ್ಕನಿಗೆ ಹೋದ ಜೀವ ಬಂದಂತಾಯಿತು. ಹೊಟ್ಟೆ ತುಂಬ ಉಣಿಸಬೇಕೆಂದು ಬಿಸಿ ರೊಟ್ಟಿಯ ಮೇಲೆ ರೊಟ್ಟಿ ಬಡಿದಳು. ಭಾವ ಮೈದುನ ಇಬ್ಬರೂ ಪೆಟ್ಟಿಗೆಗಳ ಎದುರು ತಟ್ಟೆ ಹಿಡಿದು ಕೂತರು. ಮಾರೆಪ್ಪ ಹೊಸ ಸೀಡಿ ಹಾಕಿದ. ತಾಳದ ಹೊಡೆತಕ್ಕೆ ಗೂಡಿನಲ್ಲಿದ್ದ ಲೋಟಗಳು ಗಲಗಲ ಅಂದವು. ಗೋಡೆಯ ಆಚೆಯಿಂದ ನೆರೆಮನೆಯ ಅಕ್ಕನಾಗಮ್ಮ ಕೂಗಿದಳು: "ದುರ್ಗಕ್ಕಾ, ಸಣ್ಣಗ ಮಾಡಸವ್ವಾ, ಕೂಸು ಮಲಗವಲ್ದು."

ಜಂಬಯ್ಯ ತುತ್ತು ನುಂಗಿ ಮಾರೆಪ್ಪನ ಬಲಗಿವಿಗೆ ಬಾಗಿದ.

"ಮಾವ, ಇಷ್ಟು ಸಣ್ಣಗ ಇಟ್ರ ಏನ್ ಕೇಳ್ಬೇಕು? ಏರಸು."

ಮಾರೆಪ್ಪ ಏರಿಸಿದ. ಕಿವಿ ಗಡಚಿಕ್ಕುವ ಕೊರೆಯುವ ಮಷೀನಿನ ಜೊತೆ ಜಂಬಯ್ಯ ಕಳೆದಿದ್ದ ವರ್ಷಗಳನ್ನು ದುರ್ಗಕ್ಕ ಅದುವರೆಗೆ ಲೆಕ್ಕಕ್ಕೇ ಹಿಡಿದಿರಲಿಲ್ಲ. ಕೈಯ ಹಿಟ್ಟನ್ನೂ ತೊಳೆಯದೆ ಬಾಗಿಲಿಗೆ ಬಂದಳು.

"ನಾಳೆ ಇಬ್ರೂ ಗುಡ್ಡ ಹತ್ತಬ್ಯಾಡ್ರಿ," ಎಂದಳು. ಮತ್ತೆ, ಗಂಟಲು ಹರಿಯುವ ಹಾಗೆ, ಅದನ್ನೇ ಹೇಳಿದಳು.

ಗೋಡೆಯ ಆಚೆ ಅಕ್ಕನಾಗಮ್ಮ ಯಾಕವ್ವ ಎಂದು ಕೇಳಿದಳು. ಈಚೆ ಕೂತ ಇಬ್ಬರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.